ಲಿಂಗಮ್ಮ ತಳ್ಳಿದ ಗಾಡಿ

ಲಿಂಗಮ್ಮನ ಬಗ್ಗೆ ನಮ್ಮ ಜನ ಈಗ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದಾರೆ. ಗಂಡ ಒಳ್ಳೆಯ ಕೆಲಸಕ್ಕೆ ಹೊರಟಿದ್ದನಂತೆ, ಇವಳು ಅಡ್ಡಗಾಲು ಹಾಕಿದಳಂತೆ. ಹೋದ ತಿಂಗಳು ಕ್ಯುಪರ್ಟಿನೋದಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಪ್ರಸಾದದ ದೊನ್ನೆ ಕೈಯಲ್ಲಿ ಹಿಡಿದುಕೊಂಡೇ ಒಬ್ಬಾಕೆ ಈ ಮಾತು ಎತ್ತಿದಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ನೀವು ಆ ಗುಡ್ಡದ ಮೇಲೆ ಇದ್ರಾ?" ಎಂದು ಕೇಳಿದೆ. "ಯಾವ ಗುಡ್ಡ?" ಎಂದಳು. ನೋಡಿ, ಯಾವ ಗುಡ್ಡ ಎಂದೇ ಗೊತ್ತಿಲ್ಲ, ತೀರ್ಪು ಮಾತ್ರ ಸಿದ್ಧ! ಆ ಗುಡ್ಡದ ಮೇಲೆ ನಾನಿದ್ದೆ. ಅದಕ್ಕೇ ಹೇಳಲು ಕೂತಿದ್ದೇನೆ.

ನನ್ನ ಹೆಸರು ಇಂದು. ಮೈಸೂರಿನ ಒಂಟಿಕೊಪ್ಪಲಿನವಳು. ಮಕ್ಕಳ ಸ್ಕೂಲಿಗಾಗಿ ಕ್ಯುಪರ್ಟಿನೋಗೆ ಬಂದು, ಮಕ್ಕಳು ಓದಿ ದೂರ ಹೋದ ಮೇಲೂ ಇಲ್ಲೇ ಬಿದ್ದಿರುವವಳು. ಲಿಂಗಮ್ಮ ನನಗೆ ಸಿಕ್ಕಿದ್ದು ಬ್ಲೌಸಿನಿಂದ. ಈ ಬೇ ಏರಿಯಾದಲ್ಲಿ ಎಲ್ಲ ಸಿಗುತ್ತದೆ, ಬಿಸಿಬಿಸಿ ಮೈಸೂರು ಪಾಕೂ ಸಿಗುತ್ತದೆ, ತೋಳು ಸರಿಯಾಗಿ ಕೂರುವ ಬ್ಲೌಸು ಹೊಲಿದುಕೊಡುವವರು ಮಾತ್ರ ಸಿಗುವುದಿಲ್ಲ. ಗಿಲ್‌ರಾಯ್‌ನಲ್ಲಿ ಮಂಡ್ಯದ ಕಡೆಯವಳೊಬ್ಬಳಿದ್ದಾಳೆ ಎಂದು ಯಾರೋ ಹೇಳಿದರು. ಫ್ರೀವೇಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಹೋದೆ. ಬೆಳ್ಳುಳ್ಳಿ ಕೀಳುವ ಕಾಲ, ಊರಿಗೆ ಊರೇ ಒಗ್ಗರಣೆ ವಾಸನೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು, ಒಳಗೆ ಹೊಲಿಗೆ ಮೆಷೀನು ಗರಗರ ಎನ್ನುತ್ತಿತ್ತು. ಬಗ್ಗಿ ಒಳಗೆ ಹೋದರೆ, ತಲೆ ಎತ್ತದೆ, "ತೋಳೆತ್ತಿ ಅಕ್ಕ" ಎಂದಳು. ಹೆಸರು ಕೂಡ ಕೇಳಲಿಲ್ಲ.

ಅವಳು ಮದ್ದೂರಿನ ಹತ್ತಿರದ ಹಳ್ಳಿಯವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಕೂತಲ್ಲಿ ಕೂರುವ ಪೈಕಿ ಅಲ್ಲ. ಅಳತೆ ತೆಗೆಯುತ್ತಾ ಒಲೆ ಕಡೆ ಓಡುತ್ತಾಳೆ, ಒಲೆಯಿಂದ ವಾಷಿಂಗ್ ಮೆಷೀನಿಗೆ, ಅಲ್ಲಿಂದ ಮತ್ತೆ ನನ್ನ ತೋಳಿಗೆ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಬಲಗಾಲು ಪೆಡಲು ತುಳಿಯುವ ಹಾಗೆ ಅಲ್ಲಾಡುತ್ತಲೇ ಇರುತ್ತದೆ. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು. "ಒಂದು ನಿಮಿಷ ನಿಲ್ಲೇ ಮಾರಾಯ್ತಿ" ಎಂದರೆ, "ನಿಂತ್ರೆ ಯೋಚ್ನೆ ಬತ್ತದೆ ಕಣಕ್ಕ" ಎನ್ನುತ್ತಿದ್ದಳು.

ಯೋಚನೆ ಎಂದರೆ ಗಂಡನದು. ನಾಗರಾಜು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಬೀಳಬೇಡಿ. ಮೆನ್ಲೋ ಪಾರ್ಕಿನ ಒಂದು ದೊಡ್ಡ ಕ್ಯಾಂಪಸ್ಸಿನಲ್ಲಿ ನೆಟ್‌ವರ್ಕಿನ ಕೆಲಸ. ಕತ್ತಲಿರುವಾಗಲೇ ಗಿಲ್‌ರಾಯ್ ಬಿಟ್ಟು, ಕತ್ತಲಾದ ಮೇಲೆ ಮನೆ ಸೇರುವ ಬಾಳು. ಬಿ.ಪಿ. ಏರಿತು, ಸಿಟ್ಟು ಏರಿತು, ಅಪ್ಪನ ಕಾರಿನ ಶಬ್ದ ಕೇಳಿದರೆ ಮಗಳು ನವ್ಯಾ ರೂಮು ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಗ ಆಫೀಸಿನ ಗೆಳೆಯನೊಬ್ಬ ಅವನನ್ನು ಒಂದು ಧ್ಯಾನ ಶಿಬಿರಕ್ಕೆ ಕರೆದುಕೊಂಡು ಹೋದ. ಉಸಿರು ಬಿಡುವುದು, ಎಳೆದುಕೊಳ್ಳುವುದು ಕಲಿತ. ನಿಜವಾಗಿಯೂ ಸಿಟ್ಟು ಇಳಿಯಿತು. ಮಗಳ ಜೊತೆ ಕೂತು ನಕ್ಕ. ಲಿಂಗಮ್ಮನೇ ಆ ಶಿಬಿರದ ಗುರುಗಳ ಫೋಟೊ ಕಟ್ಟು ಹಾಕಿಸಿ ಹೂವಿಟ್ಟಳು. "ನಮ್ಮನೇರು ವಾಪಸ್ ಸಿಕ್ಕುದ್ರು ಕಣಕ್ಕ" ಎಂದಿದ್ದಳು. ಸಿಕ್ಕಿದ್ದೇನೋ ಹೌದು, ಕೈಗೆ ನಿಲ್ಲಲಿಲ್ಲ.

ಮೊದಲು ಶನಿವಾರ ಭಾನುವಾರ ಸೇವೆ. ಆಮೇಲೆ ಆಫೀಸಿನವರು ಜನರನ್ನು ಕೆಲಸದಿಂದ ತೆಗೆದಾಗ ಇವನ ಹೆಸರೂ ಬಂತು. ಬೇರೆಯವರು ಅತ್ತರು, ಇವನು "ಗುರುಗಳೇ ದಾರಿ ತೋರಿಸಿದ್ರು" ಎಂದ. ಮನೆಯಿಂದಲೇ ಮಾಡುವ ಅರ್ಧ ದಿನದ ಕೆಲಸ ಒಂದು ಹಿಡಿದುಕೊಂಡು, ಉಳಿದ ಹೊತ್ತನ್ನೆಲ್ಲ ಆ ಗುರುಗಳ ಸಂಸ್ಥೆಗೆ ಕೊಟ್ಟ. ಹ್ಯೂಸ್ಟನ್‌ನಲ್ಲಿ ಕೇಂದ್ರ ತೆರೆಯಬೇಕು ಎಂದರು, ಹೋದ. ವ್ಯಾಂಕೂವರ್ ಎಂದರು, ಅಲ್ಲಿಗೂ ಹೋದ. ಹೋದಲ್ಲೆಲ್ಲ ಜನ ಅವನನ್ನು ಹಚ್ಚಿಕೊಂಡರು. ಆ ಸಂಸ್ಥೆಯಲ್ಲಿ ಒಂದು ನಿಯಮವಿದೆ: ದೂರದ ಸೇವೆಗೆ ಹೊರಡುವವರ ಮನೆಗೆ ಮೊದಲು ಫೋನು ಬರುತ್ತದೆ. ಮನೆಯವರು ತುಂಬುಮನಸ್ಸಿನಿಂದ ಒಪ್ಪಿದರೆ ಮಾತ್ರ ಕರೆದುಕೊಳ್ಳುತ್ತಾರೆ. ಒಳ್ಳೆಯ ನಿಯಮವೇ. ಆದರೆ ಎರಡು ಸಲವೂ ನಾಗರಾಜು ಫೋನನ್ನು ಸ್ಪೀಕರಿಗೆ ಹಾಕಿ, "ನಮ್ಮ ಲಿಂಗು ಖುಷಿಯಾಗಿ ಒಪ್ಪಿದ್ದಾಳೆ" ಎಂದು ತಾನೇ ಹೇಳಿದ. ಹಿಂದಿನಿಂದ ಇವಳು "ಹೂಂ" ಎಂದಳು. ಅಷ್ಟೇ.

ಅವನು ಹ್ಯೂಸ್ಟನ್‌ನಲ್ಲಿದ್ದಾಗ ನವ್ಯಾಗೆ ಅಪೆಂಡಿಕ್ಸ್ ಸಿಡಿಯಿತು. ಅವತ್ತು ನಾನು ಅವರ ಮನೆಯಲ್ಲೇ ಇದ್ದೆ, ಆಸ್ಪತ್ರೆಗೆ ಕಾರು ಓಡಿಸಿದ್ದು ನಾನೇ. ಹಿಂದಿನ ಸೀಟಿನಲ್ಲಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಲಿಂಗಮ್ಮ ಗಂಡನಿಗೆ ಫೋನು ಮಾಡಿದಳು, ಮಾಡುತ್ತಲೇ ಇದ್ದಳು. ಅವನು ಎತ್ತಲಿಲ್ಲ. ಮೌನ ಶಿಬಿರ ನಡೆಯುತ್ತಿತ್ತು, ಫೋನು ಮುಟ್ಟುವಂತಿರಲಿಲ್ಲ. ಶಿಬಿರ ಮುಗಿದ ಮೇಲೆ ಓಡಿಬಂದ, ಮಗಳ ಕಾಲು ಹಿಡಿದುಕೊಂಡು ಅತ್ತ, ಎಲ್ಲ ಸರಿ. "ನಿಯಮ ಇತ್ತು ಇಂದಕ್ಕ" ಎಂದ ನನ್ನ ಹತ್ತಿರ. ನಾನು ಬಾಯಿ ಬಿಟ್ಟಿದ್ದರೆ ಕೆಟ್ಟ ಮಾತೇ ಬರುತ್ತಿತ್ತು.

ಈಗ ಮೂರನೆಯ ಕರೆ. ಪೆರು ದೇಶದಲ್ಲಿ ಹೊಸ ಕೇಂದ್ರ, ಎರಡು ವರ್ಷ ಅಲ್ಲೇ ಇರಬೇಕು. ಸೋಮವಾರ ಫೋನು ಬರುತ್ತದೆ, "ನೀನು ಹೂಂ ಅಂದ್ರೆ ಸಾಕು" ಎಂದು ನಾಗರಾಜು ವ್ಯಾಂಕೂವರಿನಿಂದ ಹೇಳಿದ. ಆ ವಾರವೆಲ್ಲ ಲಿಂಗಮ್ಮನ ಕಾಲು ನಿಂತಿದ್ದನ್ನು ನಾನು ನೋಡಲಿಲ್ಲ.

ಗುಡ್ಡಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ವರ್ಡಾ ಅಜ್ಜಿಯ ವಿಷಯ ಹೇಳಬೇಕು.

ವರ್ಡಾ ಅಜ್ಜಿ ಲಿಂಗಮ್ಮನ ಪಕ್ಕದ ಮನೆಯವರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಮಾರ್ಮನ್ ಎಂಬ ಕ್ರೈಸ್ತ ಪಂಗಡದವರು. ಅವರ ಮೊಮ್ಮಗಳೂ ನವ್ಯಾಳೂ ಒಂದೇ ಕ್ಲಾಸು. ಈ ಮಾರ್ಮನ್ನರ ಹಿರಿಯರು ಹಿಂದಿನ ಕಾಲದಲ್ಲಿ, ಎತ್ತು ಕೊಳ್ಳಲು ಗತಿಯಿಲ್ಲದವರು, ಕೈಗಾಡಿಗೆ ಸಾಮಾನು ಹೇರಿ ತಾವೇ ಎಳೆದುಕೊಂಡು ಬಯಲು, ಬೆಟ್ಟ ದಾಟಿ ಬಂದರಂತೆ. ಅದರ ನೆನಪಿಗೆ ನಾಲ್ಕು ವರ್ಷಕ್ಕೊಮ್ಮೆ ಅವರ ಹರೆಯದ ಮಕ್ಕಳು ಆ ಕಾಲದ ಬಟ್ಟೆ ತೊಟ್ಟು, ಗುಡ್ಡಗಾಡಿನಲ್ಲಿ ಮೂರು ದಿನ ಕೈಗಾಡಿ ಎಳೆಯುತ್ತಾರೆ. ಫೋನು ಗೀನು ಏನೂ ಇಲ್ಲ. ಈ ಸಲ ಹುಡುಗಿಯರ ಉದ್ದಲಂಗ, ಏಪ್ರನ್ನು, ಬಿಸಿಲಿಗೆ ತಲೆಗೆ ಕಟ್ಟುವ ಬಾನೆಟ್ಟು ಹೊಲಿಯುವ ಕೆಲಸವನ್ನು ಅಜ್ಜಿ ಲಿಂಗಮ್ಮನಿಗೆ ಕೊಟ್ಟರು. ನವ್ಯಾ, "ಅಮ್ಮ, ನಾನೂ ಹೋಗ್ತೀನಿ, ಇಟ್ಸ್ ಜಸ್ಟ್ ಕ್ಯಾಂಪಿಂಗ್" ಎಂದು ಗಂಟುಬಿದ್ದಳು. ಅಡುಗೆಗೆ ಜನ ಸಾಲದು ಎಂದು ಅಜ್ಜಿ ಲಿಂಗಮ್ಮನನ್ನೂ ಕರೆದರು. ಲಿಂಗಮ್ಮ ನನ್ನನ್ನು ಎಳೆದಳು.

ಬಟ್ಟೆ ಹೊಲಿಯುವ ದಿನಗಳಲ್ಲಿ ಅಜ್ಜಿ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಗುಂಡಿ ಹಾಕುತ್ತಾ ತಮ್ಮ ಮನೆತನದ ಕಥೆ ಹೇಳುತ್ತಿದ್ದರು. ಅಜ್ಜಿಯದು ನಿಧಾನದ ಇಂಗ್ಲಿಷು, ಲಿಂಗಮ್ಮನದು ಹರಕುಮುರುಕು ಇಂಗ್ಲಿಷು, ಆದರೂ ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು.

"ನಮ್ಮ ಮುತ್ತಜ್ಜಿಯ ಅಮ್ಮ ಲೊವೀನಾ ಗಾಡಿ ಎಳೆದವಳಲ್ಲ, ಹಡಗಿನಲ್ಲಿ ಬಂದವಳು" ಎಂದರು ಒಂದು ದಿನ. "ನ್ಯೂಯಾರ್ಕಿನಿಂದ ದಕ್ಷಿಣ ಅಮೆರಿಕದ ತುದಿ ಸುತ್ತಿ ಈ ಕೊಲ್ಲಿಗೆ ಬಂದರು. ದಾರಿಯಲ್ಲಿ ಹಡಗಿನಲ್ಲೇ ಒಂದು ಮಗು ಹೆತ್ತಳು. ಈಗ ಫ್ರೀಮಾಂಟ್ ಇದೆಯಲ್ಲ, ಅಲ್ಲಿ ಹಲಗೆ ಮನೆ ಕಟ್ಟಿಕೊಂಡು ಆಲೂಗೆಡ್ಡೆ ಬೆಳೆದರು. ಒಂದು ಭಾನುವಾರ ಸಭೆಯಲ್ಲಿ ಹಿರಿಯರು ಧರ್ಮಪ್ರಚಾರಕ್ಕೆ ಹೋಗುವವರ ಹೆಸರು ಕೂಗಿದರು. ಅವಳ ಗಂಡ ಆಮೋಸನ ಹೆಸರೂ ಇತ್ತು. ಎಲ್ಲಿಗೆ ಗೊತ್ತೇ? ನಿಮ್ಮ ಹಿಂದೂಸ್ಥಾನಕ್ಕೆ."

ಲಿಂಗಮ್ಮ ಮೆಷೀನು ನಿಲ್ಲಿಸಿದಳು. "ನಮ್ಮೂರಿಗಾ?"

"ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿದ. ಆಲೂಗೆಡ್ಡೆ ಇನ್ನೂ ಮಣ್ಣಿನಲ್ಲೇ ಇತ್ತು, ನಾಲ್ಕು ಮಕ್ಕಳು. ಮೂರು ವರ್ಷ ಬರಲಿಲ್ಲ. ನಡುವೆ ದೊಡ್ಡ ಮಗ ಜ್ವರದಲ್ಲಿ ಹೋದ. ಲೊವೀನಾಳೇ ಹಲಗೆ ಕುಯ್ದು, ಮೊಳೆ ಹೊಡೆದು ಶವಪೆಟ್ಟಿಗೆ ಮಾಡಿದಳು."

"ಅಲ್ಲಿ ಎಷ್ಟು ಜನನ್ನ ನಿಮ್ಮ ಧರ್ಮಕ್ಕೆ ಸೇರಿಸ್ಕೊಂಡ್ರು?"

"ಒಬ್ಬರನ್ನೂ ಇಲ್ಲ. ಒಂದು ಹಿತ್ತಾಳೆ ಚೊಂಬು ತಂದ."

ನಾನು ನಕ್ಕೆ, ಅಜ್ಜಿಯೂ ನಕ್ಕರು. ಲಿಂಗಮ್ಮ ನಗಲಿಲ್ಲ.

"ಆಮೇಲೆ ಇಂಗ್ಲೆಂಡಿಗೆ ಮತ್ತೆ ಕರೆ ಬಂತು" ಎಂದರು ಅಜ್ಜಿ. "ಎರಡು ಸಲವೂ ಲೊವೀನಾ ನಗುನಗುತ್ತಾ ಒಪ್ಪಿಗೆ ಕೊಟ್ಟಳು. ಪ್ರತಿ ಜುಲೈನಲ್ಲಿ ಹಿರಿಯರ ದಿನ ಬರುತ್ತದೆ, ನಮ್ಮ ಚರ್ಚಿನಲ್ಲಿ ನಾನು ಈ ಕಥೆ ಹೇಳುತ್ತೇನೆ."

ಲಿಂಗಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. "ನಗ್ತಾ ಒಪ್ಪಿದ್ಲು ಅಂತ ಯಾರು ಹೇಳಿದ್ದು?"

"ಆಮೋಸ್. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಿದ್ದನಂತೆ."

"ಅವಳು ಏನು ಹೇಳ್ತಿದ್ಲು?"

ಅಜ್ಜಿ ಗುಂಡಿ ಹಾಕುವುದನ್ನು ಬಿಟ್ಟರು. "ಅವಳ ಮಾತು ಒಂದೂ ಉಳಿದಿಲ್ಲ" ಎಂದರು. ಲಿಂಗಮ್ಮ ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಪೆಡಲು ತುಳಿದಳು. ಆ ದಿನ ಹೊಲಿದ ಬಾನೆಟ್ಟುಗಳ ಹೊಲಿಗೆಯೆಲ್ಲ ಸೊಟ್ಟ ಬಂದು, ಮರುದಿನ ಬಿಚ್ಚಿ ಹೊಲಿಯಬೇಕಾಯಿತು.

ಗುಡ್ಡ ಇರುವುದು ಗಿಲ್‌ರಾಯ್‌ಗೆ ಪೂರ್ವಕ್ಕೆ, ಯಾರದೋ ದನದ ರ‍್ಯಾಂಚಿನಲ್ಲಿ. ಜೂನ್ ತಿಂಗಳು, ಹುಲ್ಲೆಲ್ಲ ಒಣಗಿ ಹಳದಿ. ಗಾಳಿ ಒಂದು ಕ್ಷಣ ಬಿಡುವು ಕೊಡದೆ ಬೀಸುತ್ತಿತ್ತು, ಧೂಳು ಹಲ್ಲಿಗೆ ಸಿಗುತ್ತಿತ್ತು. ಇನ್ನೊಂದು ವಿಷಯ: ಮಾರ್ಮನ್ನರು ಕಾಫಿ ಕುಡಿಯುವುದಿಲ್ಲ. ಟೀ ಕೂಡ ಇಲ್ಲ. ಇದನ್ನು ನನಗೆ ಒಂದು ಪ್ರಾಣಿಯೂ ಮೊದಲೇ ಹೇಳಿರಲಿಲ್ಲ! ನನ್ನ ಫಿಲ್ಟರ್ ಕಾಫಿಯ ಫ್ಲಾಸ್ಕನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು, ಕಳ್ಳಿಯ ಹಾಗೆ ಹೋಗಿ ಹೋಗಿ ಗುಟುಕರಿಸಿ ಬರುತ್ತಿದ್ದೆ. ವರ್ಡಾ ಅಜ್ಜಿ ಒಮ್ಮೆ ಹಿಂದೆಯೇ ಬಂದು, "ನಿನ್ನ ಕಾರು ಘಮಘಮ ಅನ್ನುತ್ತಿದೆ. ನಾನೇನೂ ನೋಡಿಲ್ಲ" ಎಂದು ಕಣ್ಣು ಮಿಟುಕಿಸಿ ಹೋದರು. ಅವತ್ತಿನಿಂದ ಆ ಮುದುಕಿಯ ಮೇಲೆ ನನಗೆ ಪ್ರಾಣ.

ನಾಗರಾಜು ಎರಡನೆಯ ದಿನ ಬೆಳಿಗ್ಗೆ ಬಂದ. ವ್ಯಾಂಕೂವರಿನಿಂದ ಹಿಂದಿನ ಸಂಜೆ ಇಳಿದವನು. ಅಪ್ಪಂದಿರು ಬಂದು ಒಂದು ದಿನ ಮಕ್ಕಳ ಜೊತೆ ನಡೆಯಬಹುದು ಎಂದು ನವ್ಯಾ ಹೇಳಿದ್ದಳಂತೆ. ಅವರು ಕೊಟ್ಟ ಹುಲ್ಲಿನ ಹ್ಯಾಟು ಹಾಕಿಕೊಂಡು, ಪ್ಯಾಂಟಿಗೆ ಭುಜದ ಮೇಲಿಂದ ಪಟ್ಟಿ ಎಳೆದುಕೊಂಡು, ನಗುತ್ತಾ ನಿಂತ. ಚೆನ್ನಾಗಿಯೇ ಕಾಣುತ್ತಿದ್ದ, ಸುಳ್ಳು ಯಾಕೆ ಹೇಳಲಿ? ಬಂದ ಸ್ವಲ್ಪ ಹೊತ್ತಿಗೇ ಹುಡುಗರನ್ನೆಲ್ಲ ಓಕ್ ಮರದ ಕೆಳಗೆ ಕೂರಿಸಿ ಸುಸ್ತಾಗದ ಹಾಗೆ ಉಸಿರಾಡುವುದು ಹೇಳಿಕೊಟ್ಟ. ಅವರ ಮುಖಂಡ ಬಂದು ಕೈ ಕುಲುಕಿದ. ಲಿಂಗಮ್ಮ ಸ್ಟೂ ಕುದಿಯುವ ಹಂಡೆಯ ಹತ್ತಿರ ಈರುಳ್ಳಿ ಹೆಚ್ಚುತ್ತಾ, ದೂರದಿಂದ ಎಲ್ಲ ನೋಡುತ್ತಿದ್ದಳು.

ನಾಗರಾಜು ಅವಳ ಹತ್ತಿರ ಬಂದು, "ಏನಮ್ಮಿ, ಸೋಮವಾರ ನೆನಪಿದೆ ಅಲ್ವಾ?" ಎಂದ.

"ಅದೇ ನೆನಪು ನಂಗೆ" ಎಂದಳು.

"ನಿನ್ನ ಮನಸ್ಸು ದೊಡ್ಡದು ಕಣೆ. ಎಲ್ಲರ ಹತ್ರಾನೂ ಹೇಳ್ತೀನಿ."

"ಎಲ್ಲರತ್ರ ಹೇಳಾದು ಬುಡಿ. ಈ ಹಂಡೆ ಇಳಿಸ್ಬೇಕು, ಒಂದು ಕೈ ಹಿಡೀರಿ."

ಅಷ್ಟರಲ್ಲಿ ಗಂಡಸರೆಲ್ಲ ಬರಬೇಕು ಎಂದು ಕೊಂಬು ಊದಿದರು. "ಬಂದೆ ಇರು" ಎಂದು ಅವನು ಹೊರಟೇಬಿಟ್ಟ. ಹಂಡೆಯನ್ನು ನಾನೂ ಲಿಂಗಮ್ಮನೂ ಇಳಿಸಿದೆವು.

ಅಲ್ಲಿ ಕೊಂಬು ಊದಿ ಹೇಳಿದ್ದು ಏನು ಎಂಬುದು ನನಗೆ ಆಮೇಲೆ ವರ್ಡಾ ಅಜ್ಜಿಯಿಂದ ತಿಳಿಯಿತು. ಹಿಂದೆ ಗಂಡಸರು ಪ್ರಚಾರಕ್ಕೆ, ಯುದ್ಧಕ್ಕೆ ಹೋದಾಗ ಹೆಂಗಸರೇ ಗಾಡಿ ಎಳೆದರಂತೆ. ಕೆಲವರ ಗಂಡಂದಿರು ದಾರಿಯಲ್ಲೇ ಸತ್ತಿದ್ದರಂತೆ. ಆ ನೆನಪಿಗೆ ಅತ್ಯಂತ ಕಡಿದಾದ ಏರಿನಲ್ಲಿ ಗಂಡಸರನ್ನು ಗಾಡಿಗಳಿಂದ ಬಿಡಿಸಿ ಮುಂದೆ ಕಳಿಸುತ್ತಾರೆ. ಅವರು ದಾರಿಯ ಎರಡೂ ಕಡೆ ಹ್ಯಾಟು ತೆಗೆದು ಎದೆಗಿಟ್ಟುಕೊಂಡು ನಿಲ್ಲಬೇಕು. ಮಾತಾಡಬಾರದು, ಕೈ ಹಚ್ಚಬಾರದು. ಗಾಡಿ ಹುಡುಗಿಯರದು, ಹೆಂಗಸರದು ಮಾತ್ರ. ಲಿಂಗಮ್ಮನಿಗೆ ಇದು ಒಂದೂ ಗೊತ್ತಿಲ್ಲ. ಅವಳಿಗೆ ಕಂಡದ್ದು ಇಷ್ಟೇ: ನವ್ಯಾಳ ಗಾಡಿ ಎಳೆಯುವವರಲ್ಲಿ ಹುಡುಗರೇ ಹೆಚ್ಚಿದ್ದರು, ಅವರೆಲ್ಲ ಹೋದ ಮೇಲೆ ಮೂರೇ ಮೂರು ಹುಡುಗಿಯರು ಉಳಿದರು, ಎದುರಿಗೆ ಗೋಡೆಯಂಥ ಏರು. ಚಾಕು ಹಲಗೆಯ ಮೇಲೆ ಬಿಸಾಕಿ ಓಡಿದಳು. ತಾನೂ ತೊಟ್ಟಿದ್ದ ಉದ್ದಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಹಿಂದಕ್ಕೆ ಭುಜ ಕೊಟ್ಟಳು.

ಅರ್ಧ ಏರಿನವರೆಗೆ ಹೋಯಿತು. ಅಲ್ಲಿ ಒಂದು ಚಕ್ರ ಕೊರಕಲಿಗೆ ಇಳಿದು ನಿಂತುಬಿಟ್ಟಿತು. ಮುಂದಿನ ಅಡ್ಡಗೋಲಿಗೆ ಎದೆ ಕೊಟ್ಟಿದ್ದ ನವ್ಯಾ ಧೂಳಿನಲ್ಲಿ ಜಾರಿ ಮಂಡಿಯೂರಿದಳು. ಗಾಡಿ ಹಿಂದಕ್ಕೆ ಸ್ವಲ್ಪ ಸರಿಯಿತು. ಇಡೀ ಭಾರ ಲಿಂಗಮ್ಮನ ಭುಜಕ್ಕೆ ಬಂತು. ಕುತ್ತಿಗೆಯ ನರ ಎದ್ದು ನಿಂತದ್ದು ನನಗೆ ಕೆಳಗಿನಿಂದ ಕಾಣುತ್ತಿತ್ತು. ಅವಳು ತಲೆ ಎತ್ತಿ ನೋಡಿದರೆ, ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ನಾಗರಾಜು.

"ರೀ! ಬನ್ನಿ, ಕೈ ಹಾಕಿ!" ಎಂದು ಕೂಗಿದಳು.

ಆ ಗುಡ್ಡದಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕನ್ನಡ ಬರುವವರು ನಾವು ನಾಲ್ವರೇ ಆದರೂ, ಕರೆದದ್ದು ಯಾರನ್ನ, ಯಾಕೆ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಾಗರಾಜು ಅಲ್ಲಾಡಲಿಲ್ಲ. ಹ್ಯಾಟು ಎದೆಗೆ ಒತ್ತಿಕೊಂಡಿದ್ದ. ಕಣ್ಣಲ್ಲಿ ನೀರು ತುಂಬಿತ್ತು, ನಿಜವಾದ ನೀರೇ.

"ರೀ, ಜಾರ್ತಾ ಅದೆ! ಬನ್ರೀ!"

ಅವನು ಬಲಗೈಯ ಬೆರಳೆತ್ತಿ ತುಟಿಯ ಮೇಲಿಟ್ಟ. ಸುಮ್ಮನಿರು ಎಂದು.

ಅಯ್ಯೋ, ಆ ಬೆರಳು! ನನ್ನ ಮಂಡಿ ನೋವು, ನನ್ನ ವಯಸ್ಸು ಎಲ್ಲ ಮರೆತು ಹತ್ತಿದೆ. ಹತ್ತುತ್ತಾ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಸದ್ಯ, ಆ ಪುಣ್ಯಾತ್ಮರಿಗೆ ಕನ್ನಡ ಬರುವುದಿಲ್ಲ. ಹಿಂದಿನ ಗಾಡಿಯೂ ಅದೇ ಕೊರಕಲಿನಲ್ಲಿ ವಾಲಿತ್ತು. ಅಲ್ಲಿ ಒಬ್ಬ ದಪ್ಪನೆಯ ಅಪ್ಪ, ಬೆಳ್ಳುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವವನು, ಹ್ಯಾಟು ಅತ್ತ ಎಸೆದು ಓಡಿ ಬಂದು ಮಗಳ ಗಾಡಿಗೆ ಭುಜ ಕೊಟ್ಟ. ಕುದುರೆಯ ಮೇಲಿದ್ದ ಮುಖಂಡ ನೋಡಿದ, ಮುಖ ತಿರುಗಿಸಿಕೊಂಡ. ಯಾರೂ ಒಂದು ಮಾತು ಅನ್ನಲಿಲ್ಲ. ನಾನು ಇದನ್ನು ನೋಡಿದೆ. ಲಿಂಗಮ್ಮ ನೋಡಿದಳು. ನಾಗರಾಜುವೂ ನೋಡಿದ.

ನಾನು ತಲುಪುವ ಹೊತ್ತಿಗೆ ವರ್ಡಾ ಅಜ್ಜಿ ಆಗಲೇ ಬಂದು ಚಕ್ರದ ಅಡಿಗೆ ಕಲ್ಲು ಕೊಟ್ಟಿದ್ದರು. ನಾವು ಮೂವರು ಹೆಂಗಸರು, ಮೂವರು ಹುಡುಗಿಯರು ಸೇರಿ ಆ ಹಾಳು ಗಾಡಿಯನ್ನು ಮೇಲಕ್ಕೆ ಹತ್ತಿಸಿದೆವು. ಲಿಂಗಮ್ಮ ಗಂಡನ ಮುಂದೆ ಹಾದು ಹೋಗುವಾಗ ಅವನ ಕಡೆ ತಿರುಗಲೂ ಇಲ್ಲ.

ಮೇಲೆ ಎಲ್ಲರೂ ತಬ್ಬಿಕೊಂಡರು, ಅತ್ತರು, ಹಾಡಿದರು. ನಾಗರಾಜು ಓಡಿ ಬಂದ. "ಎಂಥಾ ಅನುಭವ ಕಣೆ ಲಿಂಗು! ನಿನ್ನ ನೋಡಿ ನಂಗೆ ಕಣ್ಣಲ್ಲಿ ನೀರು ಬಂತು. ನಮ್ಮ ತಾಯಂದಿರು ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಅನ್ನಿಸಿಬಿಡ್ತು."

"ಕರೆದೆ" ಎಂದಳು ಲಿಂಗಮ್ಮ.

"ರೂಲ್ಸ್ ಇತ್ತಮ್ಮಿ. ಕೈ ಹಚ್ಚೋ ಹಾಗಿರ್ಲಿಲ್ಲ. ನಿಂಗೆ ಹೇಳಿರ್ಲಿಲ್ವಾ?"

"ಇಲ್ಲ."

"ಅಷ್ಟೇ ಮತ್ತೆ. ಬೇಜಾರು ಮಾಡ್ಕೋಬೇಡ."

"ಬೇಜಾರಿಲ್ಲ" ಎಂದು ಸಿಕ್ಕಿಸಿದ್ದ ಲಂಗ ಇಳಿಸಿ ಧೂಳು ಕೊಡವಿಕೊಂಡಳು. ನವ್ಯಾ ಅಮ್ಮನ ಭುಜ ಹಿಡಿದು ನಿಂತಿದ್ದಳು. ಬಟ್ಟೆ ಹರಿದು ಅಲ್ಲಿ ಚರ್ಮ ಕಿತ್ತು ಬಂದಿತ್ತು. "ಡ್ಯಾಡ್, ಯು ವರ್ ರೈಟ್ ದೇರ್" ಎಂದಳು ಆ ಹುಡುಗಿ. ನಾಗರಾಜು ಅವಳಿಗೂ ರೂಲ್ಸು ವಿವರಿಸಲು ಹೊರಟ, ಅವಳು ಕೇಳಲು ನಿಲ್ಲಲಿಲ್ಲ.

ಸೋಮವಾರ ನಾನು ಗಿಲ್‌ರಾಯ್‌ಗೆ ಹೋದೆ. ಬ್ಲೌಸಿನ ನೆಪ. ಮನೆಯಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಈ ಮುಂಡೇದು ಮತ್ತೆ "ಹೂಂ" ಅಂದುಬಿಟ್ಟರೆ ಏನು ಗತಿ ಎಂದು ಫ್ರೀವೇ ಉದ್ದಕ್ಕೂ ಒಬ್ಬಳೇ ಬಯ್ದುಕೊಂಡು ಹೋದೆ. ಅವಳು ಗ್ಯಾರೇಜಿನಲ್ಲಿ ನನ್ನದೇ ಬ್ಲೌಸಿಗೆ ಅಸ್ತರು ಹಾಕುತ್ತಿದ್ದಳು. ನಾಗರಾಜು ಒಳಗೂ ಹೊರಗೂ ಓಡಾಡುತ್ತಿದ್ದ.

ಫೋನು ಬಂತು. ಅವನು ಸ್ಪೀಕರಿಗೆ ಹಾಕಿ ಬಟ್ಟೆಯ ರಾಶಿಯ ಮೇಲಿಟ್ಟ. ಆ ಕಡೆ ಸಂಸ್ಥೆಯ ಹುಡುಗಿ, ನಿಹಾರಿಕಾ ಎಂದು ಹೆಸರು ಹೇಳಿದಳು, ಜೇನಿನಂಥ ದನಿ. "ನಮಸ್ತೆ ನಾಗರಾಜಣ್ಣ, ಮನೇಲಿ ಎಲ್ರೂ ಚೆನ್ನಾಗಿದ್ದೀರಾ? ಆಂಟಿ ಇದ್ದಾರಾ?"

"ಇಲ್ಲೇ ಇದ್ದಾಳಮ್ಮ. ಯಾವಾಗಿನ ಹಾಗೇ, ನಮ್ಮ ಲಿಂಗು ಖುಷಿಯಾಗಿ ಒಪ್ಪಿ—"

ಮೆಷೀನು ನಿಂತಿತು.

"ನಾನಿನ್ನೂ ಮಾತಾಡಿಲ್ಲ" ಎಂದಳು ಲಿಂಗಮ್ಮ.

"ಹೇಳಿ ಆಂಟಿ, ಹೇಳಿ."

"ನಂಗೆ ಒಪ್ಪಿಗೆ ಇಲ್ಲ ಕಣವ್ವ."

ಫೋನಿನ ಹುಡುಗಿ ಗಂಟಲು ಸರಿಮಾಡಿಕೊಂಡಳು. "ಆಂಟಿ, ಎಷ್ಟೊಂದು ಜನಕ್ಕೆ ಒಳ್ಳೇದಾಗುತ್ತೆ. ನಿಮ್ಮ ತ್ಯಾಗ ಇಲ್ದೆ ಇದು..."

"ಒಳ್ಳೇದೇ ಇರ್ಬೋದು. ಬ್ಯಾರೆಯವ್ರು ಮಾಡ್ಲಿ. ಎರಡು ಸಲ ನನ್ನ ಬದ್ಲು ಅವ್ರೇ ಹೇಳುದ್ರು, ನಾನು ಹೂಂ ಅಂದೆ. ಈ ಸಲ ನಾನೇ ಹೇಳ್ತಾ ಇವ್ನಿ. ಒಪ್ಪಿಗೆ ಇಲ್ಲ." ಫೋನು ಇಡುವುದು ಹೇಗೆಂದು ಹುಡುಕಿ, ಕೆಂಪು ಗುಂಡಿ ಒತ್ತಿದಳು.

"ಲಿಂಗು, ಏನ್ ಮಾಡ್ಬಿಟ್ಟೆ! ನಿನ್ನ ಒಪ್ಪಿಗೆ ಇಲ್ದೆ ಅವ್ರು ನನ್ನ ಕರ್ಕೊಳ್ಳಲ್ಲ" ಎಂದ ನಾಗರಾಜು. ದನಿ ನಡುಗುತ್ತಿತ್ತು. ಕಲಿತ ಉಸಿರಾಟವೆಲ್ಲ ಎಲ್ಲಿಗೆ ಹೋಯಿತೋ! "ಹೋಗ್ಬೇಡ ಅಂತೀಯಾ?"

"ಹೋಗ್ಬ್ಯಾಡಿ ಅಂತ ಎಲ್ಲಂದೆ? ಕಾಲು ನಿಮ್ಮವು. ನನ್ನ ಹೂಂ ತಗಂಡು ಹೋಗ್ಬ್ಯಾಡಿ ಅಂದೆ."

"ಅವತ್ತು ಗುಡ್ಡದಲ್ಲಿ ಆದದ್ದಕ್ಕಾ? ಅದು ರೂಲ್ಸು ಕಣೆ!"

ಆಗ ಲಿಂಗಮ್ಮ ಎದ್ದು ನಿಂತಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಎರಡನ್ನೂ ಮುಚ್ಚಿಡಲಿಲ್ಲ. "ಹಿಂದಿನ ಗಾಡಿ ಹುಡುಗಿ ಅಪ್ಪನಿಗೂ ಅದೇ ರೂಲ್ಸು, ಅವ್ರು ಓಡಿ ಬರ್ಲಿಲ್ವಾ? ಆಸ್ಪತ್ರೆಗೆ ಹೋಗುವಾಗ್ಲೂ ಕರೆದೆ, ಅಲ್ಲೂ ರೂಲ್ಸು. ನಾನು ಕರೀತಾನೇ ಇವ್ನಿ. ನಿಮ್ಗೆ ನನ್ನ ನೋಡುದ್ರೆ ಕಣ್ಣಲ್ಲಿ ನೀರು ಬತ್ತದೆ, ಕೈ ಬರಾಕಿಲ್ಲ. ನಂಗೆ ಆ ನೀರು ಬ್ಯಾಡ."

ನಾಗರಾಜು ಹೊರಗೆ ಹೋಗಿ ಡ್ರೈವ್‌ವೇಯಲ್ಲಿ ನಿಂತ. ನಾನು ಅವಳ ಭುಜ ಮುಟ್ಟಲು ಹೋಗಿ, ಗಾಯ ನೆನಪಾಗಿ ಕೈ ಹಿಡಿದುಕೊಂಡೆ. ಆ ಮುದುಕಿ ವರ್ಡಾ ಬೇಲಿಯಾಚೆ ಗಿಡಕ್ಕೆ ನೀರು ಬಿಡುತ್ತಿದ್ದರು. ಕನ್ನಡ ತಿಳಿಯದಿದ್ದರೂ ಜಗಳ ತಿಳಿಯುತ್ತದೆ. ಜುಲೈನಲ್ಲಿ ಚರ್ಚಿನಲ್ಲಿ ಲೊವೀನಾಳ ಕಥೆ ಹೇಳುವಾಗ, ಅವಳು ನಗುನಗುತ್ತಾ ಒಪ್ಪಿದಳು ಎಂಬಲ್ಲಿಗೆ ಬಂದು, "ಹಾಗಂತ ಅವಳ ಗಂಡ ಹೇಳಿದ್ದಾನೆ" ಎಂದು ಸೇರಿಸಿದರಂತೆ. ಕೂತಿದ್ದ ಹೆಂಗಸರಲ್ಲಿ ಕೆಲವರು ನಕ್ಕರಂತೆ.

ನಾಗರಾಜು ಪೆರುಗೆ ಹೋಗಲಿಲ್ಲ. ಸಂಸ್ಥೆಯವರು ನಿಯಮ ಮುರಿಯಲಿಲ್ಲ. ಮೊದಲು ಕೆಲವು ವಾರ ಮಾತು ಬಿಟ್ಟ, ಊಟ ಬಿಟ್ಟ, ಆಮೇಲೆ ಎರಡನ್ನೂ ಹಿಡಿದ. ಈಗ ಸ್ಯಾನ್ ಹೋಸೆಯಲ್ಲಿ ಪೂರ್ತಿ ಕೆಲಸ ಸಿಕ್ಕಿದೆ. ಭಾನುವಾರ ಊರಿನ ಪಾರ್ಕಿನಲ್ಲಿ ಮುದುಕರಿಗೆ ಉಸಿರಾಟ ಹೇಳಿಕೊಡುತ್ತಾನೆ, ಲಿಂಗಮ್ಮ ಅದಕ್ಕೆ ಏನೂ ಅನ್ನುವುದಿಲ್ಲ. ಮನೆಯಲ್ಲಿ ಸುಖ ಉಕ್ಕಿ ಹರಿಯುತ್ತಿದೆ ಎಂದು ನಾನು ಹೇಳುವುದಿಲ್ಲ. ಕೂತಲ್ಲಿ ಕೂರಲಾರದೆ ಕೋಣೆಯಿಂದ ಕೋಣೆಗೆ ಓಡಾಡುವವರು ಈಗ ಇಬ್ಬರಾಗಿದ್ದಾರೆ, ಅಷ್ಟೇ.

ಆ ಪೂಜೆಯ ಮರುದಿನ, ಆ ದೊನ್ನೆಯಾಕೆಯ ಮಾತು ಹೇಳಿಕೊಂಡು ಹಗುರಾಗಲು ಲಿಂಗಮ್ಮನ ಹತ್ತಿರ ಹೋದೆ. ಅವಳಿಗೆ ಅದು ಆಗಲೇ ಗೊತ್ತಿತ್ತು. "ಅಂದ್ಕೊಳ್ಳಿ ಬುಡಕ್ಕ" ಎಂದು ಪೆಡಲು ತುಳಿಯುತ್ತಿದ್ದಳು. ಮಾತಿನ ನಡುವೆ ಇದ್ದಕ್ಕಿದ್ದ ಹಾಗೆ ಕಾಲು ನಿಲ್ಲಿಸಿ, ಕತ್ತು ಮನೆಯ ಕಡೆ ತಿರುಗಿಸಿ, "ರೀ!" ಎಂದು ಕೂಗಿದಳು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ನಾಗರಾಜು ಕಿವಿಗೆ ಹೆಡ್‌ಫೋನು, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಬಾಗಿಲಿಗೆ ಬಂದ. ಮನೆಯಿಂದಲೇ ಕೆಲಸ ಮಾಡುವ ದಿನ, ಯಾವುದೋ ಮೀಟಿಂಗಿನ ನಡುವೆ ಎದ್ದು ಬಂದಿರಬೇಕು. "ಏನೇ?"

"ಏನಿಲ್ಲ. ಹೋಗಿ."

ಅವನು ನನ್ನ ಕಡೆ ನೋಡಿ, ಒಳಗೆ ಹೋದ.

"ಏನಕ್ಕೆ ಕರೆದೆ?" ಎಂದು ಕೇಳಿದೆ.

"ಸುಮ್ನೆ ಕಣಕ್ಕ. ದಿನಾ ಒಂದು ಸಲ ಕರೀತೀನಿ. ಬತ್ತಾರಾ ಅಂತ."